ಕರಾವಳಿಯ ಅಗ್ನಿಶಾಮಕ ವಾಹನವೊಂದನ್ನು ಹಿಮದ ಕಣಿವೆಗೆ ಅಣಿಗೊಳಿಸಿದ ಪ್ರಕರಣ

ಮಂಗಳೂರಿನ ಬೈಕಂಪಾಡಿಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬರುವ ಭಾರಿ ವಾಹನಗಳ ದೊಡ್ಡ ಕಾಯಿಲೆ ತುಕ್ಕು. ಕಡಲಿನ ಉಪ್ಪುಗಾಳಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯೂ ಸೇರಿ ಚಾಸಿಯ ಒಳಮೂಲೆಗಳನ್ನು ತಿನ್ನುತ್ತವೆ. ಬ್ರೇಕ್ ಪೈಪು, ಬ್ಯಾಟರಿ ಕೂರುವ ತಟ್ಟೆ, ನೀರಿನ ಟ್ಯಾಂಕಿನ ತಳ ಇವುಗಳನ್ನು ಬದಲಿಸುವುದರಲ್ಲಿಯೇ ನಮ್ಮ ಹೆಚ್ಚಿನ ದಿನಗಳು ಕಳೆಯುತ್ತವೆ. ಚಳಿಯಿಂದ ಕೆಟ್ಟ ವಾಹನವನ್ನು ನಮ್ಮಲ್ಲಿ ಯಾರೂ ಕಂಡವರಲ್ಲ, ಏಕೆಂದರೆ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳೇ ಇಲ್ಲಿ ವರ್ಷದಲ್ಲಿ ಕೆಲವು. ಹೀಗಿರುವಾಗ ಒಂದು ಜುಲೈ ತಿಂಗಳ ಮೊದಲ ವಾರದಲ್ಲಿ, ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಕಾಮಗಾರಿ ವಹಿಸಿಕೊಂಡಿದ್ದ ಗುತ್ತಿಗೆದಾರ ಸಂಸ್ಥೆಯೊಂದು ತನ್ನ ಅಗ್ನಿಶಾಮಕ ವಾಹನವನ್ನು ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿ, ಅಕ್ಟೋಬರ್ ಮುಗಿಯುವುದರೊಳಗೆ ಅದನ್ನು ಅಲ್ಲಿಯ ಚಳಿಗಾಲಕ್ಕೆ ತಕ್ಕಂತೆ ಸಿದ್ಧಪಡಿಸಿ ಕೊಡಬೇಕೆಂದು ಕೇಳಿತು.

ಆ ಕೆಲಸವನ್ನೂ ವಾಹನ ಅಲ್ಲಿ ಕಳೆದ ಮೊದಲ ಚಳಿಗಾಲವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಕೆಲಸದ ತಾಂತ್ರಿಕ ಹೊಣೆ ನನ್ನದಾಗಿತ್ತು. ಆದ್ದರಿಂದ ಸರಿಹೋದದ್ದರ ಜೊತೆಗೆ ನಮ್ಮ ಕೈಯಿಂದ ತಪ್ಪಿಹೋದದ್ದನ್ನೂ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ವಾಹನ ಮತ್ತು ಅದು ಹೋಗಬೇಕಾಗಿದ್ದ ಊರು

ಅದು 4,500 ಲೀಟರ್ ನೀರಿನ ಟ್ಯಾಂಕ್ ಇದ್ದ ಸಾಧಾರಣ ವಾಟರ್ ಟೆಂಡರ್. ಇಂಜಿನಿನ ಶಕ್ತಿಯನ್ನು ಪಂಪಿಗೆ ಒಯ್ಯುವ ಪಿ.ಟಿ.ಓ. ಎಂಬ ಜೋಡಣೆಯ ಮೂಲಕ ಇಂಜಿನ್‌ನಿಂದಲೇ ತಿರುಗುವ ಸೆಂಟ್ರಿಫ್ಯೂಗಲ್ ಪಂಪ್ ಹಿಂಭಾಗದಲ್ಲಿತ್ತು. 63 ಮಿಲಿಮೀಟರಿನ ಡೆಲಿವರಿ ಹೊರದಾರಿಗಳು, ಒಂದು ಹೋಸ್ ರೀಲ್, ಚಾವಣಿಯ ಮೇಲೊಂದು ಮಾನಿಟರ್ (ದೂರಕ್ಕೆ ನೀರು ಚಿಮ್ಮಿಸುವ ತಿರುಗು ನಳಿಗೆ), ಸ್ವಲ್ಪ ಫೋಮ್ ದ್ರಾವಣ ಇಷ್ಟು ಅದರ ಸಲಕರಣೆ. ಹುಟ್ಟಿದಂದಿನಿಂದ ಕರಾವಳಿಯಲ್ಲಿಯೇ ದುಡಿದ ವಾಹನವಾದ್ದರಿಂದ ಮೈಯೆಲ್ಲ ತೇಪೆ ಇದ್ದರೂ ಪಂಪ್ ಗಟ್ಟಿಯಾಗಿತ್ತು.

ಹೋಗಬೇಕಾದ ಜಾಗ ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿ, ಚಂದ್ರಾ ನದಿಯ ಬದಿಯಲ್ಲಿತ್ತು. 2020ರ ಅಕ್ಟೋಬರಿನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ಟಾಂಗ್ ಕಣಿವೆದಾರಿ ಮುಚ್ಚಿದ್ದರೂ ಚಳಿಗಾಲದಲ್ಲಿ ಮನಾಲಿಯಿಂದ ಆ ಕಡೆಗೆ ಹೋಗಿಬರುವುದು ಸಾಧ್ಯವಾಗಿದೆ. ಹೀಗಾಗಿ ಹಿಂದೆ ಹಿಮ ಬಿದ್ದೊಡನೆ ನಿಲ್ಲುತ್ತಿದ್ದ ಕೆಲಸಗಳನ್ನು ಚಳಿಯಲ್ಲಿಯೂ ಮುಂದುವರಿಸುವ ಯೋಚನೆ ಗುತ್ತಿಗೆದಾರರಿಗೆ ಬಂದಿತ್ತು. ಕಾರ್ಮಿಕರ ಬಿಡಾರಗಳು ಪ್ಲೈವುಡ್ ಮತ್ತು ತಗಡಿನವು. ಒಳಗೆ ಕಾಯಿಸಿಕೊಳ್ಳಲು ಬುಖಾರಿ ಎನ್ನುವ ಕಬ್ಬಿಣದ ಕಟ್ಟಿಗೆ ಒಲೆ. ಹೊರಗೆ ರಾತ್ರಿಯ ಉಷ್ಣಾಂಶ ಮೈನಸ್ 15ರಿಂದ 20 ಡಿಗ್ರಿ. ಮರದ ಗೋಡೆ, ರಾತ್ರಿಯಿಡೀ ಉರಿಯುವ ಒಲೆ, ಹೆಪ್ಪುಗಟ್ಟಿದ ನೀರು ಈ ಮೂರೂ ಒಂದೇ ಕಡೆ ಸೇರಿರುವ ಜಾಗದಲ್ಲಿ ಬೆಂಕಿ ಆರಿಸುವ ವಾಹನ ಕೈಕೊಟ್ಟರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಆ ಬಿಡಾರಗಳಲ್ಲಿ ಮಲಗುವವರಲ್ಲಿ ಕುಂದಾಪುರ, ಬೈಂದೂರು ಕಡೆಯ ಹುಡುಗರೂ ಇದ್ದರು. ಅದು ನಮಗೆ ತಿಳಿದ ಮೇಲೆ ವರ್ಕ್‌ಶಾಪಿನಲ್ಲಿ ಈ ಕೆಲಸದ ಮಾತೇ ಬೇರೆಯಾಯಿತು.

ಖಾಲಿ ಎಂದು ಬರೆದಿದ್ದ ವಾಹನ

ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಅದನ್ನು ಹಿಡಿದಿಟ್ಟ ಲೋಹ ಬಿರಿಯುತ್ತದೆ. ಎರಕದ ಲೋಹ ತಂತಿಯಂತೆ ಹಿಗ್ಗುವುದಿಲ್ಲವಾದ್ದರಿಂದ ಪಂಪಿನ ಕವಚ, ವಾಲ್ವಿನ ಮೈ, ಗೇಜಿನ ಬುಡ ಇವೇ ಮೊದಲು ಒಡೆಯುತ್ತವೆ. ಇಷ್ಟನ್ನು ಪುಸ್ತಕದಿಂದ ತಿಳಿದುಕೊಂಡು ನಾವು ಕೆಲಸಕ್ಕೆ ತೊಡಗಿದೆವು. ಚಳಿದೇಶಗಳ ಅಗ್ನಿಶಾಮಕ ದಳಗಳಲ್ಲಿ ಇದಕ್ಕಿರುವ ಸರಳ ಪದ್ಧತಿಯೆಂದರೆ, ಟ್ಯಾಂಕಿನಲ್ಲಿ ನೀರು ಇರಲಿ, ಪಂಪ್ ಮತ್ತು ಕೊಳವೆಗಳು ಒಣಗಿರಲಿ. ಬೆಂಕಿಯ ಸ್ಥಳ ತಲುಪಿದ ಮೇಲೆಯೇ ಪಂಪಿಗೆ ನೀರು ಬಿಡುವುದು.

ನಮ್ಮ ಊರಿನ ರೂಢಿ ಇದಕ್ಕೆ ತದ್ವಿರುದ್ಧ. ಇಲ್ಲಿ ಪಂಪ್ ಸದಾ ನೀರು ತುಂಬಿಕೊಂಡೇ ನಿಂತಿರುತ್ತದೆ. ಕರೆ ಬಂದಾಗ ಒಂದು ನಿಮಿಷವನ್ನಾದರೂ ಉಳಿಸಬೇಕೆಂಬ ಆ ರೂಢಿ ನಮ್ಮ ಹವೆಗೆ ಸರಿಯೂ ಹೌದು. ಆದರೆ ಅದರಿಂದ ಆದ ಒಂದು ನಷ್ಟ ನಮಗೆ ಮೊದಲ ದಿನವೇ ಕಾಣಿಸಿತು. ಪಂಪಿನ ತಳದಲ್ಲಿಯೂ ಕೊಳವೆಗಳ ತಗ್ಗಿನಲ್ಲಿಯೂ ನೀರಿಳಿಸಲೆಂದು ತಯಾರಕರು ಇಟ್ಟಿದ್ದ ಡ್ರೈನ್ ಕಾಕ್‌ಗಳಲ್ಲಿ ಎರಡನ್ನು ಬಿಟ್ಟು ಉಳಿದವು ತಿರುಗಲಿಲ್ಲ. ವರ್ಷಗಟ್ಟಲೆ ಯಾರೂ ತೆರೆಯದೆ, ತುಕ್ಕು ಮತ್ತು ಬೋರ್‌ವೆಲ್ ನೀರಿನ ಸುಣ್ಣ ಸೇರಿ ಅವು ಕಲ್ಲಿನಂತಾಗಿದ್ದವು. ಒಂದನ್ನು ಪಾನಾ ಹಾಕಿ ತಿರುಗಿಸಿದಾಗ ಹಿಡಿ ತೆರೆದುಕೊಂಡಿತಾದರೂ ಹನಿ ನೀರು ಬರಲಿಲ್ಲ. ಒಳಗಿನ ರಂಧ್ರವೇ ಮುಚ್ಚಿಹೋಗಿತ್ತು. ಹಿಡಿಯ ಸ್ಥಾನವನ್ನಷ್ಟೇ ನೋಡಿ ನಂಬುವವನಿಗೆ ಇದಕ್ಕಿಂತ ಅಪಾಯದ ವಾಲ್ವ್ ಬೇರೊಂದಿಲ್ಲ.

ಎಲ್ಲ ಕಾಕ್‌ಗಳನ್ನೂ ಹೊಸದಾಗಿ ಹಾಕಿ, ಪಂಪ್ ಓಡಿಸಿ, ನಂತರ ಒಂದೊಂದನ್ನೇ ತೆರೆದು ನೀರು ಇಳಿಸಿದೆವು. ಕೊನೆಯ ಹನಿ ನಿಂತ ಮೇಲೆ ಹಿರಿಯ ಮೇಸ್ತ್ರಿಯವರು ಕೈ ಒರೆಸಿಕೊಳ್ಳುತ್ತ ‘ಪೂರಾ ಖಾಲಿ ಆಂಡ್’ ಎಂದು ತುಳುವಿನಲ್ಲಿ ಹೇಳಿದರು. ನಾನೂ ಪುಸ್ತಕದಲ್ಲಿ ಹಾಗೆಯೇ ಬರೆದು ಸಹಿ ಹಾಕಿದೆ. ಮರುದಿನ ಬೆಳಿಗ್ಗೆ, ಬೇರೊಂದು ಕಾರಣಕ್ಕೆ ಪ್ರೆಶರ್ ಗೇಜ್ ಬಿಚ್ಚಿದಾಗ ಅದರ ತಾಮ್ರದ ಸಣ್ಣ ಕೊಳವೆಯಿಂದ ನೀರು ಸುರಿಯಿತು. ಅನುಮಾನ ಬಂದು ಇಡೀ ವಾಹನದ ಕೊಳವೆಗಳಿಗೆ ಕಂಪ್ರೆಸರಿನ ಗಾಳಿ ಬಿಟ್ಟು, ಹೊರಬಂದದ್ದನ್ನು ಬಕೆಟಿಗೆ ಹಿಡಿದೆವು. ಒಂದು ಬಕೆಟ್ ತುಂಬಿ ಇನ್ನೊಂದನ್ನು ತರಬೇಕಾಯಿತು.

ಈ ಪ್ರಕರಣದ ತಿರುಳು ಆ ಎರಡು ಬಕೆಟ್ ನೀರಿನಲ್ಲಿದೆಯೆಂದು ನನಗೆ ಅನ್ನಿಸುತ್ತದೆ. ಟ್ಯಾಂಕಿನ 4,500 ಲೀಟರ್ ನೀರು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ಅಷ್ಟು ದೊಡ್ಡ ರಾಶಿ ತನ್ನ ಶಾಖವನ್ನು ಕಳೆದುಕೊಂಡು ಒಳಗಿನವರೆಗೂ ಗಟ್ಟಿಯಾಗಬೇಕಾದರೆ ಕಡು ಚಳಿಯಲ್ಲಿಯೂ ದಿನಗಳೇ ಹಿಡಿಯುತ್ತವೆ. ಬೆರಳು ದಪ್ಪದ ಕೊಳವೆಯಲ್ಲಿ ನಿಂತ ಒಂದು ಲೋಟ ನೀರಿಗೆ ಗಂಟೆಯೂ ಬೇಡ. ಚಳಿಗಾಲದ ಸಿದ್ಧತೆಯೆಂದರೆ ದೊಡ್ಡ ಟ್ಯಾಂಕಿಗೆ ಕಂಬಳಿ ಹೊದಿಸುವುದೆಂದು ಮೊದಲು ಯೋಚಿಸಿದ್ದ ನಾವು, ಅಂದಿನಿಂದ ಲೋಟಗಳ ಲೆಕ್ಕದಲ್ಲಿ ನೀರು ಹುಡುಕತೊಡಗಿದೆವು.

ಅದು ಎಲ್ಲೆಲ್ಲಿ ಅಡಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಹೋಸ್ ರೀಲಿನಲ್ಲಿ: 19 ಮಿಲಿಮೀಟರ್ ಒಳವ್ಯಾಸದ 30 ಮೀಟರ್ ರಬ್ಬರ್ ಹೋಸ್ ಡ್ರಮ್ಮಿಗೆ ಸುತ್ತಿಕೊಂಡಿರುವಾಗ ಎಂಟೂವರೆ ಲೀಟರ್ ನೀರನ್ನು ಒಳಗಿಟ್ಟುಕೊಳ್ಳುತ್ತದೆ, ಮತ್ತು ಸುರುಳಿಯ ಪ್ರತಿ ಸುತ್ತಿಗೂ ಒಂದು ತಗ್ಗು ಇರುವುದರಿಂದ ಬುಡದ ಕಾಕ್ ತೆರೆದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಗಾಳಿ ಊದಿಯೇ ತೆಗೆಯಬೇಕು. ಮಾನಿಟರಿನ ನೆಟ್ಟಗಿನ ಕೊಳವೆಯ ಬುಡದಲ್ಲಿ ಕಾಕ್ ಇರಲೇ ಇಲ್ಲ. ಹೊಸದಾಗಿ ರಂಧ್ರ ಕೊರೆದು ಹಾಕಿದೆವು. ಫೋಮ್ ಎಳೆಯುವ ಇಂಡಕ್ಟರಿನ ಪಕ್ಕದ ಕೊಳವೆ, ಪಂಪಿನೊಳಗಿನ ಗಾಳಿ ತೆಗೆಯುವ ಪ್ರೈಮರಿನ ಒಳಭಾಗ, ಟ್ಯಾಂಕಿನಿಂದ ಪಂಪಿಗೆ ಬರುವ ದಾರಿಯಲ್ಲಿ ಚಾಸಿಯ ಅಡ್ಡಪಟ್ಟಿಯನ್ನು ತಪ್ಪಿಸಲು ಬಗ್ಗಿಸಿದ್ದ ಒಂದು ತಿರುವು ಇವುಗಳಲ್ಲಿ ತಲಾ ಸ್ವಲ್ಪ ಸ್ವಲ್ಪ ಇತ್ತು. ನಾವು ಯಾರೂ ಊಹಿಸದೇ ಇದ್ದದ್ದು ಇಂಜಿನ್ ತಂಪಾಗಿಸುವ ಸುರುಳಿ. ಗಂಟೆಗಟ್ಟಲೆ ನಿಂತಲ್ಲೇ ಪಂಪ್ ಮಾಡುವಾಗ ಇಂಜಿನ್ ಬಿಸಿಯಾಗದಿರಲೆಂದು ಪಂಪಿನಿಂದ ಒಂದು ಸಣ್ಣ ಕೊಳವೆ ಮುಂದಕ್ಕೆ ಹೋಗಿ ರೇಡಿಯೇಟರಿನ ನೀರನ್ನು ತಂಪಾಗಿಸಿ ಹಿಂದಕ್ಕೆ ಬರುತ್ತದೆ. ಹಿಂಬದಿಯ ಪಂಪಿನ ಕೆಲಸ ಮಾಡುವವನ ಕಣ್ಣಿಗೆ ಅದು ಬೀಳುವುದಿಲ್ಲ, ಇಂಜಿನ್ ಮೆಕ್ಯಾನಿಕ್ ಅದನ್ನು ಪಂಪಿನವರ ಸೊತ್ತೆಂದು ಮುಟ್ಟುವುದಿಲ್ಲ.

ಇನ್ನೊಂದು ಅಡಗುತಾಣ ಬಾಲ್ ವಾಲ್ವ್. ಪೂರ್ತಿ ಮುಚ್ಚಿದ ಬಾಲ್ ವಾಲ್ವಿನಲ್ಲಿ ಗೋಲದ ನಡುವಿನ ರಂಧ್ರ ಅಡ್ಡಕ್ಕೆ ತಿರುಗಿ, ಅದರೊಳಗಿನ ನೀರು ಎರಡೂ ಕಡೆಯ ಸೀಲುಗಳ ನಡುವೆ ಬಂದಿಯಾಗುತ್ತದೆ. ಎರಡೂ ಬದಿಯ ಕೊಳವೆಗಳು ಒಣಗಿದ್ದರೂ ನಡುವಿನ ಆ ಗುಟುಕು ನೀರು ಹೋಗುವುದಿಲ್ಲ. ನೀರಿಳಿಸುವಾಗ ಹಿಡಿಯನ್ನು ಅರ್ಧದಲ್ಲಿ, ಅಂದರೆ ಸುಮಾರು 45 ಡಿಗ್ರಿಯಲ್ಲಿ ನಿಲ್ಲಿಸಿದರೆ ಮಾತ್ರ ಅದು ಹೊರಬರುತ್ತದೆ.

ಮೀನಿನ ಶೈತ್ಯಾಗಾರದಲ್ಲಿ ಪರೀಕ್ಷೆ

ಇಷ್ಟೆಲ್ಲ ಮಾಡಿದರೂ ನಮ್ಮ ಕೆಲಸ ಸರಿಯೇ ಎಂದು ನೋಡಲು ಚಳಿ ಬೇಕಲ್ಲ. ಮಂಗಳೂರಿನಲ್ಲಿ ಮೈನಸ್ 20 ಡಿಗ್ರಿ ಸಿಗುವ ಜಾಗ ಒಂದೇ, ಮೀನಿನ ಕೋಲ್ಡ್ ಸ್ಟೋರೇಜ್. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಅವಧಿಯಲ್ಲಿ ಶೈತ್ಯಾಗಾರಗಳಲ್ಲಿ ಜಾಗ ತೆರವಿರುತ್ತದೆ. ಪರಿಚಯದವರೊಬ್ಬರು ದುರಸ್ತಿಗೆಂದು ಪೂರ್ತಿ ಬರಿದು ಮಾಡಿದ್ದ ಒಂದು ಹಳೆಯ ಕೋಣೆಯನ್ನು ನಮಗೆ ಹತ್ತು ದಿನ ಬಿಟ್ಟುಕೊಟ್ಟರು. ತಿನ್ನುವ ವಸ್ತು ಇಡುವ ಕೋಣೆಯಲ್ಲಿ ಡೀಸೆಲ್ ವಾಸನೆ ಹಿಡಿಯಬಾರದೆಂಬುದು ಅವರ ಷರತ್ತು, ಅದು ನ್ಯಾಯವಾದದ್ದೇ. ಡೀಸೆಲ್ ಇದ್ದ ಸೀಸೆಗಳನ್ನು ಮುಚ್ಚಳ ಬಿಗಿದು, ರಬ್ಬರ್ ಸೀಲಿನ ಡಬ್ಬಿಯೊಳಗಿಟ್ಟು ಒಯ್ದೆವು.

ನಾವು ಅಲ್ಲಿಟ್ಟದ್ದು: ನೀರು ತುಂಬಿ ಮುಚ್ಚಿದ ಒಂದು ಹಳೆಯ ಬಾಲ್ ವಾಲ್ವ್, ಅರ್ಧ ತೆರೆದು ನೀರಿಳಿಸಿದ ಅಂಥದೇ ಇನ್ನೊಂದು, ಹೋಸಿನ ತುಂಡುಗಳು, ಬೇರೆ ಬೇರೆ ಪ್ರಮಾಣದಲ್ಲಿ ಕೂಲೆಂಟ್ ಬೆರೆಸಿದ ನೀರು, ನಮ್ಮ ಊರಿನ ಬಂಕಿನ ಡೀಸೆಲ್, ಇಂಜಿನ್ ಆಯಿಲ್, ಗ್ರೀಸ್, ಫೋಮ್ ದ್ರಾವಣದ ಸೀಸೆ. ಮೂರನೆಯ ದಿನ ತೆಗೆದು ನೋಡಿದಾಗ ನೀರು ತುಂಬಿದ ವಾಲ್ವಿನ ಮೈಮೇಲೆ ಕೂದಲೆಳೆಯಂಥ ಒಂದು ಬಿರುಕು ಉದ್ದಕ್ಕೆ ಓಡಿತ್ತು. ಹೊರಗಿಟ್ಟು ಮಂಜು ಕರಗಿದ ಮೇಲಷ್ಟೇ ಅದರಿಂದ ನೀರು ಒಸರಿತು. ಗಡ್ಡೆ ಕಟ್ಟಿರುವವರೆಗೆ ಎಲ್ಲವೂ ಸರಿಯಿದ್ದಂತೆಯೇ ತೋರುತ್ತಿತ್ತು. ಅರ್ಧ ತೆರೆದಿದ್ದ ವಾಲ್ವಿಗೆ ಏನೂ ಆಗಿರಲಿಲ್ಲ. ವರ್ಕ್‌ಶಾಪಿನ ಎಲ್ಲ ಹುಡುಗರನ್ನೂ ಕರೆದು ಎರಡನ್ನೂ ಕೈಗೆ ಕೊಟ್ಟೆ, ಏಕೆಂದರೆ ನನ್ನ ಮಾತಿಗಿಂತ ಆ ಬಿರುಕು ಚೆನ್ನಾಗಿ ತಿಳಿಸುತ್ತಿತ್ತು.

ಶೈತ್ಯಾಗಾರದ ಕೆಲಸಗಾರರೊಬ್ಬರು ಈ ನಡುವೆ ಒಂದು ಸಲಹೆ ಕೊಟ್ಟರು. ಐಸ್ ಪ್ಲಾಂಟಿನಲ್ಲಿ ಮಂಜಿನ ಡಬ್ಬಿಗಳನ್ನು ಮುಳುಗಿಸುವ ಉಪ್ಪುನೀರು ಸೊನ್ನೆಗಿಂತ ಎಷ್ಟೋ ಕೆಳಗೂ ಹರಿಯುತ್ತಲೇ ಇರುತ್ತದಲ್ಲ, ನಿಮ್ಮ ಟ್ಯಾಂಕಿಗೂ ಉಪ್ಪು ಹಾಕಬಾರದೇ ಎಂದು. ಪ್ರಶ್ನೆ ಬುದ್ಧಿವಂತಿಕೆಯದೇ. ಆದರೆ ಉಪ್ಪುಗಾಳಿಗೇ ತೂತು ಬೀಳುವ ಟ್ಯಾಂಕಿಗೆ ಉಪ್ಪುನೀರನ್ನೇ ತುಂಬಿದರೆ ಟ್ಯಾಂಕೂ ಪಂಪೂ ಹೆಚ್ಚು ದಿನ ಬಾಳುವುದಿಲ್ಲ. ಜೊತೆಗೆ ಉಪ್ಪುನೀರಿನ ಮೂಲಕ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಜೀವಂತ ತಂತಿಯ ಬಳಿ ನೀರು ಹೊಡೆಯುವವನಿಗೆ ಅಪಾಯ ಹೆಚ್ಚು. ರೇಡಿಯೇಟರಿಗೆ ಹಾಕುವ ಗ್ಲೈಕಾಲನ್ನು ಟ್ಯಾಂಕಿಗೆ ಬೆರೆಸುವ ಮಾತೂ ಬಂದಿತ್ತು. ಅದು ವಿಷ, ಮತ್ತು ನೀರು ಆವಿಯಾದ ಮೇಲೆ ಉಳಿಯುವ ಗ್ಲೈಕಾಲ್ ಸ್ವತಃ ಉರಿಯಬಲ್ಲದು. ಬೆಂಕಿ ಆರಿಸುವ ನೀರು ಬರೀ ನೀರಾಗಿಯೇ ಇರಬೇಕೆಂದು ತೀರ್ಮಾನಿಸಿದೆವು.

ಕೂಲೆಂಟ್, ಡೀಸೆಲ್, ಬ್ಯಾಟರಿ

ಇವು ಯಾವ ಲಾರಿಗಾದರೂ ಬೇಕಾದವು. ಬೇಗ ಹೇಳಿ ಮುಗಿಸುತ್ತೇನೆ. ರೇಡಿಯೇಟರಿನಲ್ಲಿದ್ದದ್ದು ಬಾವಿ ನೀರು, ಕರಾವಳಿಯ ಹಳೆಯ ಲಾರಿಗಳಲ್ಲಿ ಸಾಮಾನ್ಯವಾಗಿರುವಂತೆ. ತೊಳೆದು ತುಂಬುವಾಗ ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರನ್ನು ಸಮಪಾಲು ಬೆರೆಸಿದೆವು. ಆ ಮಿಶ್ರಣ ಸುಮಾರು ಮೈನಸ್ 36 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ಹುಡುಗರು ತಿಳಿದಿದ್ದರು. ನೀರೇ ಇಲ್ಲದ ಗ್ಲೈಕಾಲ್ ಮೈನಸ್ 13 ಡಿಗ್ರಿಯ ಸುಮಾರಿನಲ್ಲಿಯೇ ಗಟ್ಟಿಯಾಗುತ್ತದೆಂಬುದನ್ನು ಶೈತ್ಯಾಗಾರದಲ್ಲಿ ಅಂಬಲಿಯಂತಾಗಿದ್ದ ಸೀಸೆಯನ್ನು ತೋರಿಸಿ ಒಪ್ಪಿಸಬೇಕಾಯಿತು.

ನಮ್ಮ ಬಂಕಿನ ಡೀಸೆಲ್ ಸೀಸೆ ಬೋರಲು ಹಾಕಿದರೂ ಬೀಳದಷ್ಟು ಮಂದವಾಗಿತ್ತು, ಗಟ್ಟಿಯಾದ ತೆಂಗಿನೆಣ್ಣೆಯ ಹಾಗೆ. ಡೀಸೆಲಿನಲ್ಲಿರುವ ಮೇಣ ಚಳಿಗೆ ಬೇರ್ಪಟ್ಟು ಮೊದಲು ಫಿಲ್ಟರನ್ನು, ಆಮೇಲೆ ಕೊಳವೆಯನ್ನು ಕಟ್ಟುತ್ತದೆ. ಇಂಥ ಊರುಗಳಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಪಾಣಿಪತ್ ರಿಫೈನರಿಯಿಂದ ಮೈನಸ್ 33 ಡಿಗ್ರಿವರೆಗೆ ಹರಿಯುವ ಚಳಿಗಾಲದ ಡೀಸೆಲನ್ನು ಹೊರತಂದಿದೆ. ಮಂಗಳೂರಿನ ಡೀಸೆಲ್ ಒಂದು ಲೀಟರೂ ಸುರಂಗ ದಾಟಬಾರದು, ಮನಾಲಿಯಲ್ಲಿ ಟ್ಯಾಂಕ್ ಬರಿದು ಮಾಡಿ, ಫಿಲ್ಟರ್ ಬದಲಿಸಿ, ಸಂಸ್ಥೆಯವರು ತರಿಸಿಟ್ಟ ಚಳಿಗಾಲದ ಡೀಸೆಲನ್ನೇ ತುಂಬಬೇಕು ಎಂದು ಬರೆದುಕೊಟ್ಟೆವು. ಇಂಜಿನ್ ಆಯಿಲನ್ನು 15ಡಬ್ಲ್ಯೂ-40ರಿಂದ ಚಳಿಯಲ್ಲಿ ಅಷ್ಟು ದಪ್ಪಗಾಗದ 5ಡಬ್ಲ್ಯೂ-40ಕ್ಕೆ ಬದಲಿಸಿದೆವು.

ಬ್ಯಾಟರಿಯ ವಿಷಯದಲ್ಲಿ ಎರಡು ಮಾತು. ಮೈನಸ್ 18 ಡಿಗ್ರಿಯಲ್ಲಿ ಲೆಡ್-ಆಸಿಡ್ ಬ್ಯಾಟರಿಯ ಸ್ಟಾರ್ಟಿಂಗ್ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತದೆ, ದಪ್ಪಗಾದ ಆಯಿಲಿನಿಂದ ಇಂಜಿನ್ ಕೇಳುವ ಶಕ್ತಿ ಮಾತ್ರ ಹೆಚ್ಚುತ್ತದೆ. ಪೂರ್ಣ ಚಾರ್ಜ್ ಆದ ಬ್ಯಾಟರಿಯ ಆಸಿಡ್ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಚಾರ್ಜ್ ಇಳಿದು ಅದರ ಸಾಂದ್ರತೆ (ನೀರಿನದು 1 ಎಂದಾದರೆ) 1.100ಕ್ಕೆ ಬಂದರೆ ಮೈನಸ್ 8ರ ಹೊತ್ತಿಗೇ ಹೆಪ್ಪುಗಟ್ಟಿ ಪೆಟ್ಟಿಗೆ ಒಡೆಯುತ್ತದೆ. ಆದ್ದರಿಂದ ಹೊಸ ಬ್ಯಾಟರಿಗಳ ಜೊತೆಗೆ ಶೆಡ್ಡಿನಲ್ಲಿ ಸದಾ ಚಾರ್ಜರಿಗೆ ಸೇರಿಕೊಂಡಿರುವಂತೆ, ವಾಹನ ಮುಂದಕ್ಕೆ ಚಲಿಸಿದೊಡನೆ ತಾನೇ ಕಳಚಿಕೊಳ್ಳುವ ಒಂದು ಪ್ಲಗ್ ಜೋಡಿಸಿದೆವು.

ಎತ್ತರದ ಲೆಕ್ಕ

ಚಳಿಯ ಗುಂಗಿನಲ್ಲಿದ್ದ ನಾವು ಎತ್ತರವನ್ನು ಮರೆತೇಬಿಟ್ಟಿದ್ದೆವು. ನದಿಯಿಂದ ನೀರೆಳೆಯಲು ಸೈಟಿನವರು ಗುರುತಿಸಿದ್ದ ಕಟ್ಟೆ ನೀರಿನ ಮಟ್ಟಕ್ಕಿಂತ ಆರು ಮೀಟರ್ ಮೇಲಿತ್ತು. ನೇತ್ರಾವತಿಯ ದಡದಲ್ಲಾದರೆ ಅದು ಕಷ್ಟದ ಮಾತಲ್ಲ. ಪಂಪ್ ನೀರನ್ನು ಎಳೆಯುತ್ತದೆಂದು ನಾವು ಹೇಳುವುದು ರೂಢಿಯ ಮಾತು. ಪಂಪ್ ಒಳಗಿನ ಗಾಳಿಯನ್ನು ತೆಗೆಯುತ್ತದೆ, ಹೊರಗಿನ ವಾತಾವರಣದ ಒತ್ತಡ ನೀರನ್ನು ಮೇಲಕ್ಕೆ ದೂಡುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ನೀರನ್ನು ಲೆಕ್ಕದ ಪ್ರಕಾರ 10.3 ಮೀಟರ್, ಅನುಭವದಲ್ಲಿ ಸುಮಾರು 7 ಮೀಟರ್ ಏರಿಸಬಲ್ಲದು. 3,000 ಮೀಟರ್ ಎತ್ತರದಲ್ಲಿ ಒತ್ತಡ ಸಮುದ್ರಮಟ್ಟದ ಶೇಕಡಾ 70ರಷ್ಟೇ ಇರುವುದರಿಂದ ಅನುಭವದ ಏಳು ಮೀಟರ್ ಐದಕ್ಕಿಳಿಯುತ್ತದೆ. ಆರು ಮೀಟರಿನ ಕಟ್ಟೆಯಲ್ಲಿ ವಾಹನ ನಿಲ್ಲಿಸಿ ಎಷ್ಟು ಪ್ರಯತ್ನಿಸಿದರೂ ನೀರು ಏರುತ್ತಿರಲಿಲ್ಲ, ಮತ್ತು ಅದು ಗೊತ್ತಾಗುತ್ತಿದ್ದುದು ಬೆಂಕಿ ಬಿದ್ದ ದಿನ. ಈ ಲೆಕ್ಕ ಕಳಿಸಿದ ಮೇಲೆ ಸೈಟಿನವರು ನದಿಯ ಕಡೆಗೆ ಮೂರು ಮೀಟರ್ ಕೆಳಗೆ ಬೇರೊಂದು ತಾಣ ಕಟ್ಟಿದರು. ಮೇಲ್ಮೈ ಹೆಪ್ಪುಗಟ್ಟಿದರೂ ಅಡಿಯಲ್ಲಿ ಹರಿಯುವ ನೀರು ಸಿಗುವಷ್ಟು ಆಳದ ಗುಂಡಿಯನ್ನೂ ಮಾಡಿಸಿದರು.

ಅದೇ ಕಾರಣಕ್ಕೆ ಹೊಸ ಕಾಕ್‌ಗಳಿಂದ ಗಾಳಿ ಒಳನುಗ್ಗದಂತೆ ನೋಡಿಕೊಳ್ಳುವುದೂ ಮುಖ್ಯವಾಯಿತು. ಪಂಪನ್ನು ಒಣಗಿಸಿ ಪಾದರಸದ 22 ಅಂಗುಲದಷ್ಟು ನಿರ್ವಾತ ತಂದು ಐದು ನಿಮಿಷ ಬಿಟ್ಟಾಗ 10 ಅಂಗುಲಕ್ಕಿಂತ ಹೆಚ್ಚು ಇಳಿಯಬಾರದೆಂಬುದು ಅಮೆರಿಕದ ಅಗ್ನಿಶಾಮಕ ಮಾನದಂಡದಲ್ಲಿರುವ ಅಳತೆ. ಮೊದಲ ಸಲ ನಮ್ಮ ವಾಹನ ಎರಡು ನಿಮಿಷವೂ ನಿಲ್ಲಲಿಲ್ಲ. ಸೋರುತ್ತಿದ್ದದ್ದು ಮಾನಿಟರಿನ ಬುಡದಲ್ಲಿ ನಾವೇ ಕೊರೆದ ರಂಧ್ರದ ಬಳಿ. ಅದನ್ನು ಬಿಚ್ಚಿ ಮತ್ತೆ ಕೂರಿಸಿದ ಮೇಲೆ ಪರೀಕ್ಷೆ ದಾಟಿತು.

ಕಾಕ್‌ಗಳ ಹಿಡಿಗಳ ಬಗ್ಗೆ ಒಂದು ಚರ್ಚೆ ನಡೆಯಿತು. ಎಲ್ಲವನ್ನೂ ಒಂದೇ ಕೊಳವೆಗೆ ಸೇರಿಸಿ ಒಂದೇ ಹಿಡಿಯಿಂದ ತೆರೆಯುವಂತೆ ಮಾಡಿದರೆ ಕೆಲಸ ಸುಲಭವೆಂದು ಕೆಲವರ ಅಭಿಪ್ರಾಯ. ನಾನು ಒಪ್ಪಲಿಲ್ಲ. ಸೇರುವ ಆ ಕೊಳವೆಯೇ ಇನ್ನೊಂದು ತಗ್ಗಾಗುತ್ತದೆ; ಯಾವ ಕಡೆಯಿಂದ ನೀರು ಬಂತು, ಯಾವ ಕಡೆಯಿಂದ ಬರಲಿಲ್ಲ ಎಂಬುದೂ ಕಾಣದಂತಾಗುತ್ತದೆ. ಹದಿನಾಲ್ಕು ಕಾಕ್‌ಗಳಿಗೂ ಬೇರೆ ಬೇರೆ ಹಿಡಿ, ದಪ್ಪ ಕೈಗವಸು ಹಾಕಿಕೊಂಡೇ ತಿರುಗಿಸಬಹುದಾದಷ್ಟು ಉದ್ದ, ಏಕೆಂದರೆ ಮೈನಸ್ 20ರಲ್ಲಿ ಬರಿಗೈಯ ತೇವದ ಚರ್ಮ ಲೋಹಕ್ಕೆ ಅಂಟಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಸಂಖ್ಯೆಯ ತಗಡು. ತೆರೆಯುವ ಕ್ರಮವನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದು ಪಂಪಿನ ಬಾಗಿಲ ಒಳಗೆ ಅಂಟಿಸಿದೆವು.

ವಾಹನ ನಿಲ್ಲುವ ಶೆಡ್ಡನ್ನು ಸದಾ ಐದು ಡಿಗ್ರಿಗಿಂತ ಮೇಲಿರಿಸಬೇಕಾಗಿತ್ತು. ಮೀನಿನ ಕೋಣೆಗೆ ಬಳಸುವ, ಒಳಗೆ ಪ್ಲಾಸ್ಟಿಕ್ ಫೋಮ್ ತುಂಬಿದ ಪಫ್ ಪ್ಯಾನೆಲ್ ಅಗ್ಗವಾಗಿ ಸಿಗುತ್ತಿತ್ತು, ಒಳಗಿನ ಚಳಿ ಹೊರಹೋಗದಂತೆ ತಡೆಯುವ ಗೋಡೆ ಹೊರಗಿನ ಚಳಿ ಒಳಬಾರದಂತೆಯೂ ತಡೆಯುತ್ತದೆ. ಆದರೆ ಒಳಗಿನ ಆ ಫೋಮ್ ಉರಿಯಬಲ್ಲದ್ದಾದ್ದರಿಂದ ನಾವು ರಾಕ್‌ವೂಲ್ (ಉರಿಯದ ಕಲ್ಲಿನ ನಾರು) ತುಂಬಿದ ಪ್ಯಾನೆಲನ್ನೇ ಒತ್ತಾಯಿಸಿದೆವು. ಬಿಸಿಗೆ ಎಣ್ಣೆ ತುಂಬಿದ ವಿದ್ಯುತ್ ಹೀಟರ್‌ಗಳು. ಫೋಮ್ ದ್ರಾವಣದ ಡ್ರಮ್ಮುಗಳಿಗೂ ಅಲ್ಲಿಯೇ ಜಾಗ.

ಮೊದಲ ಚಳಿಗಾಲ

ಆಯುಧಪೂಜೆಯ ದಿನ ವಾಹನಕ್ಕೆ ಹೂವು ಹಾಕಿ, ಮರುವಾರ ಟ್ರೇಲರಿನ ಮೇಲೆ ಕಳಿಸಿಕೊಟ್ಟೆವು. ನಮ್ಮ ಮೇಸ್ತ್ರಿಯವರೂ ಒಬ್ಬ ಹುಡುಗನೂ ಜೊತೆಗೆ ಹೋಗಿ, ಅಲ್ಲಿಯ ಚಾಲಕರಿಗೂ ಪಂಪ್ ನಡೆಸುವವರಿಗೂ ಹದಿನಾಲ್ಕು ಕಾಕ್‌ಗಳ ಕ್ರಮವನ್ನು ಬಾಯಿಪಾಠವಾಗುವವರೆಗೆ ಮಾಡಿಸಿ ಬಂದರು.

ಡಿಸೆಂಬರಿನ ಒಂದು ಬೆಳಿಗ್ಗೆ ಸೈಟಿನಿಂದ ಫೋನ್ ಬಂತು. ವಾರದ ಅಭ್ಯಾಸಕ್ಕೆಂದು ಹಿಂದಿನ ಸಂಜೆ ಹೊರತಂದ ವಾಹನವನ್ನು, ಶೆಡ್ಡಿನ ಬಾಗಿಲು ದುರಸ್ತಿಯಲ್ಲಿದ್ದ ಕಾರಣ, ರಾತ್ರಿ ಹೊರಗೇ ನಿಲ್ಲಿಸಿದ್ದರು. ಇಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು, ಪಂಪ್ ಒಣಗಿತ್ತು, ವಾಲ್ವುಗಳು ಸುಲಭವಾಗಿ ತಿರುಗುತ್ತಿದ್ದವು. ಆದರೆ ವಾಹನ ಕದಲಲಿಲ್ಲ. ಏರ್ ಬ್ರೇಕಿನ ವಾಲ್ವಿನಲ್ಲಿ ಮಂಜು ಕಟ್ಟಿ ಬ್ರೇಕ್ ಬಿಡಲಿಲ್ಲ.

ತಪ್ಪು ನಮ್ಮದು. ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯ ತೇವವನ್ನು ಹೀರಲು ಏರ್ ಡ್ರೈಯರಿನಲ್ಲಿ ಒಂದು ಕಾರ್ಟ್ರಿಜ್ ಇರುತ್ತದೆ. ಮಂಗಳೂರಿನ ಮಳೆಗಾಲದ ಗಾಳಿಯನ್ನು ವರ್ಷಗಟ್ಟಲೆ ಉಸಿರಾಡಿದ್ದ ಆ ಕಾರ್ಟ್ರಿಜ್ ನೀರು ಕುಡಿದು ಕುಡಿದು ಕೆಲಸ ನಿಲ್ಲಿಸಿತ್ತು. ಗಾಳಿಯ ಟ್ಯಾಂಕುಗಳ ತಳದ ನೀರನ್ನು ದಿನಾ ಬಿಡಬೇಕೆಂದು ನಾವು ಬರೆದಿದ್ದೆವು, ಅವರು ಬಿಟ್ಟೂ ಇದ್ದರು. ಕಾರ್ಟ್ರಿಜ್ ಬದಲಿಸುವುದು ನಮ್ಮ ಪಟ್ಟಿಯಲ್ಲಿಯೇ ಇರಲಿಲ್ಲ. ನೀರಿನ ಕೊಳವೆಗಳಲ್ಲಿ ಲೋಟ ಲೋಟ ನೀರು ಹುಡುಕಿದ ನಾವು ಗಾಳಿಯ ಕೊಳವೆಗಳಲ್ಲಿ ನಮ್ಮ ಊರಿನ ತೇವವನ್ನೇ ತುಂಬಿ ಕಳಿಸಿದ್ದೆವು. ಅದು ಅಭ್ಯಾಸದ ದಿನವಾಗಿದ್ದದ್ದು ಪುಣ್ಯ. ಯಾರೋ ಡೀಸೆಲಿನಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಅಡಿಯಲ್ಲಿ ಹಿಡಿಯಹೊರಟಾಗ ಮೇಲ್ವಿಚಾರಕರು ತಡೆದು, ಹೀಟರಿನ ಬಿಸಿಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ ಕರಗಿಸಿದರು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಆ ಒಂದು ಗಂಟೆಯನ್ನು ನಾನು ಇಂದಿಗೂ ಮರೆಯಲಾರೆ. ಅದೇ ವಾರ ಹೊಸ ಕಾರ್ಟ್ರಿಜ್ ಕಳಿಸಿದೆವು. ಹಾಕುವ ಮುಂಚೆ ಎಲ್ಲ ಗಾಳಿ ಟ್ಯಾಂಕುಗಳನ್ನೂ ಶೆಡ್ಡಿನ ಬಿಸಿಯಲ್ಲಿ ಎರಡು ದಿನ ತೆರೆದಿಟ್ಟು ಒಣಗಿಸಿದರು.

ಜನವರಿಯಲ್ಲಿ ನಿಜವಾದ ಕರೆ ಬಂತು. ಬುಖಾರಿಯ ಹೊಗೆಕೊಳವೆ ಕಾದು ಒಂದು ಬಿಡಾರದ ಪ್ಲೈವುಡ್ ಗೋಡೆಗೆ ನಡುರಾತ್ರಿ ಬೆಂಕಿ ಹತ್ತಿತು. ಮಲಗಿದ್ದವರೆಲ್ಲರೂ ಹೊರಗೆ ಬಂದರು, ಯಾರಿಗೂ ಸುಟ್ಟಗಾಯವಾಗಲಿಲ್ಲ. ವಾಹನ ತಕ್ಷಣ ಹೊರಟಿತು, ಒಣ ಪಂಪಿಗೆ ನೀರು ಬಿಟ್ಟು ಒತ್ತಡ ತರಲು ಒಂದು ನಿಮಿಷವೂ ಆಗಲಿಲ್ಲವೆಂದು ಅಲ್ಲಿಯವರು ಹೇಳಿದರು, ಮತ್ತು ಟ್ಯಾಂಕಿನ ನೀರಿನಲ್ಲಿಯೇ ಬೆಂಕಿ ಆರಿತು. ನಡುವೆ ಒಂದು ತೊಡಕಾಯಿತು. ಹೋಸ್ ರೀಲ್ ಹಿಡಿದಿದ್ದವನು ಬಿಡಾರದ ಹಿಂಬದಿಗೆ ಹೋಗಲು ಹೋಸಿನ ಮೂತಿಯನ್ನು ಮುಚ್ಚಿಕೊಂಡು ನಡೆದ. ಹಿಂದೆ ಹೋಗಿ ತೆರೆಯುವಷ್ಟರಲ್ಲಿ ಮೂತಿಯಲ್ಲಿ ಮಂಜು ಕಟ್ಟಿತ್ತು. ಹರಿಯುವ ನೀರು ಹೆಪ್ಪುಗಟ್ಟಲು ತಡವಾಗುತ್ತದೆ, ನಿಂತ ನೀರು ತಡಮಾಡುವುದಿಲ್ಲ. ಇನ್ನೊಬ್ಬನ ಕೈಯಲ್ಲಿದ್ದ ಬ್ರಾಂಚ್ (ದೊಡ್ಡ ಹೋಸಿನ ಮೂತಿ) ಸ್ವಲ್ಪ ಸೋರುವಂತೆ ಸದಾ ತೆರೆದೇ ಇದ್ದದ್ದರಿಂದ ಅದು ಕೊನೆಯವರೆಗೂ ನಡೆಯಿತು.

ಬೆಂಕಿ ಆರಿದ ಮೇಲೆ ಕಷ್ಟ ಶುರುವಾಯಿತು. ನೆಲದ ಮೇಲಿದ್ದ ಹೋಸುಗಳು ಹಲಗೆಯಂತೆ ಸೆಟೆದುಕೊಂಡಿದ್ದವು. ಸುತ್ತಲು ಹೋದರೆ ಒಳಪದರ ಸೀಳುತ್ತದೆಂದು ಮೊದಲೇ ತಿಳಿಸಿದ್ದರಿಂದ ಅವುಗಳನ್ನು ಬಗ್ಗಿಸದೆ ಉದ್ದಕ್ಕೇ ವಾಹನದ ಚಾವಣಿಯ ಮೇಲೆ ಹೇರಿ ಶೆಡ್ಡಿಗೆ ಒಯ್ದರು. ಹದಿನಾಲ್ಕು ಕಾಕ್‌ಗಳನ್ನೂ ಕ್ರಮವಾಗಿ ತೆರೆದು ಗಾಳಿ ಊದಿದರು. ಆದರೆ ಶೆಡ್ಡಿಗೆ ಬರುವ ದಾರಿಯ ಇಪ್ಪತ್ತು ನಿಮಿಷದಲ್ಲಿಯೇ ಪ್ರೆಶರ್ ಗೇಜಿನ ಆ ತಾಮ್ರದ ಕೊಳವೆ ಬಿರಿದುಹೋಗಿತ್ತು. ಮೊದಲ ದಿನ ನಮ್ಮ ಸಹಿಯನ್ನು ಸುಳ್ಳು ಮಾಡಿದ್ದ ಅದೇ ಕೊಳವೆ. ಅದಕ್ಕೂ ಒಂದು ಕಾಕ್ ಹಾಕಿದ್ದೆವು, ಸಂಖ್ಯೆ ಹನ್ನೊಂದು. ಹತ್ತನ್ನು ಮುಟ್ಟುವ ಮೊದಲೇ ಅದು ಒಡೆದಾಗಿತ್ತು.

ಈಗ ಕ್ರಮ ಬದಲಾಗಿದೆ: ಬೆಂಕಿಯ ಸ್ಥಳದಲ್ಲಿಯೇ, ಇಂಜಿನ್ ಆರಿಸುವ ಮೊದಲು, ಗೇಜಿನ ಕಾಕ್ ಮೊದಲನೆಯದಾಗಿ ತೆರೆಯುತ್ತದೆ. ಈ ಮಳೆಗಾಲ ಮುಗಿಯುವುದರೊಳಗೆ ಆ ಕೊಳವೆಯನ್ನೇ ತೆಗೆದು, ಪಂಪಿನ ಮೈಗೆ ಒತ್ತಿ ಕೂರುವ ವಿದ್ಯುತ್ ಸೆನ್ಸರ್ ಹಾಕುವ ಕೆಲಸ ಬಾಕಿ ಇದೆ. ಅಂಥ ಒಂದು ಸೆನ್ಸರನ್ನು ಕಳೆದ ವಾರ ಶೈತ್ಯಾಗಾರದ ಅದೇ ಕೋಣೆಯಲ್ಲಿ ಇಟ್ಟು ಬಂದಿದ್ದೇವೆ.